ಆನೆಯ ಹೊಟ್ಟೆಯೊಳಗಿನ ಗಳಿಗೆ ಬಟ್ಟಲು

“ಒಂದು ಗಳಿಗೆ ಕೂತಿರಿ, ಬಂದೆ” ಎಂದು ಹೇಳಿ ಒಳಗೆ ಹೋದವರಿಗಾಗಿ ಕಾದು ಕುಳಿತ ಅನುಭವ ನಮ್ಮ ವಾಚಕರಿಗೆಲ್ಲ ಇದ್ದೇ ಇರುತ್ತದೆ. ಆ ಒಂದು ಗಳಿಗೆ ಐದು ನಿಮಿಷವಾದರೂ ಆಗಬಹುದು, ಒಂದು ಗಂಟೆಯಾದರೂ ಆಗಬಹುದು. ಮಾತಿನಲ್ಲಿ ಉಳಿದು ಅಳತೆಯಲ್ಲಿ ಅಳಿದುಹೋದ ಪದವದು. ಆದರೆ ಗಳಿಗೆಯೆಂಬುದು ಒಂದಾನೊಂದು ಕಾಲದಲ್ಲಿ ಕಟ್ಟುನಿಟ್ಟಾದ ಅಳತೆಯಾಗಿತ್ತು. ಹಗಲು ರಾತ್ರಿ ಕೂಡಿದ ಒಂದು ದಿನಕ್ಕೆ ೬೦ ಗಳಿಗೆ. ಎಂದರೆ ಗಳಿಗೆಯೊಂದಕ್ಕೆ ಈಗಿನ ಲೆಕ್ಕದಲ್ಲಿ ೨೪ ನಿಮಿಷ. ಗಳಿಗೆಯನ್ನು ಮತ್ತೆ ೬೦ ಪಾಲು ಮಾಡಿದರೆ ವಿಗಳಿಗೆ. ಅದಕ್ಕೆ ೨೪ ಸೆಕೆಂಡು. ಇದನ್ನು ಅಳೆಯುತ್ತಿದ್ದ ಸಾಧನ ಗಳಿಗೆ ಬಟ್ಟಲು. ಇಂದು ನಾವು ಮಣಿಕಟ್ಟಿಗೆ ಕಟ್ಟಿಕೊಳ್ಳುವ ‘ಗಡಿಯಾರ’ದ ಹೆಸರಿನಲ್ಲಿಯೂ ಆ ಘಟಿಯೇ ಅಡಗಿದೆ.

ಈ ಬಟ್ಟಲನ್ನು ನಾವು ಪುಸ್ತಕಗಳಲ್ಲಿ ಓದಿದ್ದೆವೇ ಹೊರತು ಕೆಲಸ ಮಾಡುವುದನ್ನು ನೋಡಿರಲಿಲ್ಲ. ತರೀಕೆರೆಯ ಒಂದು ಮದುವೆಯ ಮನೆಯಲ್ಲಿ ಆ ಭಾಗ್ಯ ಒದಗಿತು. ಧಾರೆಯ ಮುಹೂರ್ತಕ್ಕೆ ಮುನ್ನ ಪುರೋಹಿತರು ನೀರು ತುಂಬಿದ ಹಂಡೆಯೊಂದಕ್ಕೆ ಅರಿಸಿನ ಕುಂಕುಮವಿಟ್ಟು, ಪುಟ್ಟ ತಾಮ್ರದ ಬಟ್ಟಲೊಂದನ್ನು ಅದರ ಮೇಲೆ ತೇಲಿಬಿಟ್ಟರು. ಬಟ್ಟಲಿನ ತಳದಲ್ಲಿ ಸೂಜಿಯ ಮೊನೆಯಷ್ಟು ರಂಧ್ರ. ಅದರಿಂದ ನೀರು ಸಣ್ಣ ಬುಗ್ಗೆಯಾಗಿ ಒಳಗೆ ಚಿಮ್ಮತೊಡಗಿತು. ಆದರೆ ಅದನ್ನು ಗಮನಿಸಿದವರು ಯಾರೂ ಇಲ್ಲ. ಪುರೋಹಿತರೇ ಎರಡು ಬಾರಿ ಮೊಬೈಲ್ ಫೋನಿನ ಗಡಿಯಾರ ನೋಡಿಕೊಂಡು ಮಾಂಗಲ್ಯಧಾರಣೆಗೆ ಅಪ್ಪಣೆ ಕೊಟ್ಟರು. ಗಟ್ಟಿಮೇಳದ ಸದ್ದಿನಲ್ಲಿ ಬಟ್ಟಲು ಸದ್ದಿಲ್ಲದೆ ಮುಳುಗಿತು. ನಾವು ಮಾತ್ರ ಕುತೂಹಲದಿಂದ ಕಾಲವನ್ನು ಗುರುತುಹಾಕಿಕೊಂಡಿದ್ದೆವು. ತೇಲಿಬಿಟ್ಟ ಕ್ಷಣದಿಂದ ಮುಳುಗುವವರೆಗೆ ಆದದ್ದು ೧೯ ನಿಮಿಷ ೪೫ ಸೆಕೆಂಡು!

ಇಪ್ಪತ್ತನಾಲ್ಕು ನಿಮಿಷವಾಗಬೇಕಾದಲ್ಲಿ ಇಪ್ಪತ್ತೂ ಆಗಲಿಲ್ಲ. ಊಟವಾದ ಮೇಲೆ ಮನೆಯ ಯಜಮಾನರಲ್ಲಿ ವಿಷಯವನ್ನು ಅರಿಕೆ ಮಾಡಿಕೊಂಡೆವು. ಎಂಬತ್ತು ದಾಟಿದ ಹಿರಿಯರು, ವಧುವಿನ ಅಜ್ಜ. ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ, “ನಮ್ಮ ಅಜ್ಜನ ಕಾಲದ್ದು ಸ್ವಾಮಿ ಇದು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕೀ ತಿಕ್ಕೀ ಎಷ್ಟು ಸವೆದಿದೆಯೋ! ತೂತು ಕಟ್ಟಿಕೊಂಡಾಗೆಲ್ಲ ಹೆಂಗಸರು ದಬ್ಬಣ ಹಾಕಿ ಬಿಡಿಸಿದ್ದೂ ಉಂಟು. ಹಾಗಾದರೆ ಈ ಮನೆಯಲ್ಲಿ ನಡೆದ ಮದುವೆಗಳೆಲ್ಲ ತಪ್ಪು ಗಳಿಗೆಯಲ್ಲಿ ಆದವು ಅನ್ನಿ” ಎಂದು ನಕ್ಕರು. ನಕ್ಕರೂ ಅವರ ಮುಖದಲ್ಲಿ ಸ್ವಲ್ಪ ಬೇಸರ ಕಂಡಿತು. ಮೂರು ತಲೆಮಾರು ನಂಬಿಕೊಂಡು ಬಂದ ವಸ್ತು ಸುಳ್ಳಾಡಿತೆಂದರೆ ಯಾರಿಗಾದರೂ ಹಾಗಾಗುತ್ತದೆ.

ಬಟ್ಟಲು ನಿಜವಾಗಿ ಕೆಟ್ಟಿದೆಯೆ? ಅದನ್ನು ತಿಳಿಯಲು ಮೊದಲು ಅದರ ಮರ್ಮವನ್ನು ಅರಿಯಬೇಕು.

ಮುಳುಗುವ ಬಟ್ಟಲಿನ ಮರ್ಮ

ತಳದಲ್ಲಿ ರಂಧ್ರವಿರುವ ತಾಮ್ರದ ಪಾತ್ರೆಯನ್ನು ನಿರ್ಮಲವಾದ ನೀರಿನ ಕುಂಡದಲ್ಲಿಡಬೇಕು, ಅದು ಅಹೋರಾತ್ರಿಯಲ್ಲಿ ಅರವತ್ತು ಬಾರಿ ಮುಳುಗಬೇಕು ಎಂದು ಸೂರ್ಯಸಿದ್ಧಾಂತ ಹೇಳುತ್ತದೆ. ಏಳನೆಯ ಶತಮಾನದ ಕೊನೆಯಲ್ಲಿ ಬಂದ ಚೀನೀ ಯಾತ್ರಿಕ ಇತ್ಸಿಂಗ್ ಇಂಥ ಬಟ್ಟಲು ನಾಲಂದದ ವಿಹಾರದಲ್ಲಿ ಕಾಲ ತಿಳಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ನೋಡಲು ಇದು ಮಕ್ಕಳ ಆಟಿಕೆ. ಒಳಗೆ ಒಂದು ಸೊಗಸಾದ ಉಪಾಯವಿದೆ.

ಉದಾಹರಣೆಗೆ ೧೪ ಸೆಂಟಿಮೀಟರು ವ್ಯಾಸದ, ನೇರ ಗೋಡೆಯ, ೩೫೦ ಗ್ರಾಂ ತೂಕದ ತಾಮ್ರದ ಪಾತ್ರೆಯೊಂದನ್ನು ತೇಲಿಬಿಟ್ಟೆವೆನ್ನಿ. ಅದು ತನ್ನ ತೂಕಕ್ಕೆ ತಕ್ಕಷ್ಟು ನೀರನ್ನು ಪಕ್ಕಕ್ಕೆ ಸರಿಸಿ ಸುಮಾರು ೨ ಸೆಂಟಿಮೀಟರು ಆಳಕ್ಕೆ ಇಳಿಯುತ್ತದೆ. ಹೊರಗಿನ ನೀರು ಒಳಗಿನದಕ್ಕಿಂತ ೨ ಸೆಂಟಿಮೀಟರು ಎತ್ತರದಲ್ಲಿರುವುದರಿಂದ ಆ ಎತ್ತರದ ಒತ್ತಡವೇ ರಂಧ್ರದ ಮೂಲಕ ನೀರನ್ನು ಒಳಕ್ಕೆ ತಳ್ಳುತ್ತದೆ. ಒಳಗೆ ಒಂದು ಲೋಟ ನೀರು ಬಂದಿತು. ಪಾತ್ರೆ ಅಷ್ಟು ಭಾರವಾಯಿತು. ಅಷ್ಟೇ ಕೆಳಗೆ ಇಳಿಯಿತು. ಒಳಗಿನ ಮಟ್ಟ ಎಷ್ಟು ಏರಿತೋ ಪಾತ್ರೆ ಅಷ್ಟೇ ತಗ್ಗಿದ್ದರಿಂದ ಒಳಹೊರಗಿನ ಅಂತರ ಮತ್ತೆ ಅದೇ ೨ ಸೆಂಟಿಮೀಟರು! ಒಳಬಂದ ನೀರನ್ನು ಹೊರಗಿನ ನೀರು ಹೊತ್ತುಕೊಳ್ಳುತ್ತದೆ. ಮಿಕ್ಕ ಅಂತರ ಬರಿಯ ತಾಮ್ರದ ತೂಕವನ್ನು ಹೊರುವುದಕ್ಕೆ. ತಾಮ್ರದ ತೂಕ ಬದಲಾಗದು. ಆದ್ದರಿಂದ ಒತ್ತಡವೂ ಬದಲಾಗದು. ನೀರು ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಒಳಗೆ ಬರುತ್ತದೆ. ನಮ್ಮ ಮದುವೆಮನೆಯ ಬಟ್ಟಲಿನಂತೆ ಪಾತ್ರೆ ಅರ್ಧಗೋಳಾಕಾರವಾಗಿದ್ದರೆ ಬಾಯಿಯ ಕಡೆಗೆ ಅಗಲ ಹೆಚ್ಚಿದಂತೆ ಅಂತರ ಕಿರಿದಾಗಿ ವೇಗ ತುಸು ತಗ್ಗುವುದು ನಿಜ. ಆದರೂ ಪ್ರತಿ ಸಲವೂ ಅದೇ ರೀತಿ ತಗ್ಗುವುದರಿಂದ ಮುಳುಗಲು ಹಿಡಿಯುವ ಒಟ್ಟು ಕಾಲ ಮಾತ್ರ ಒಂದೇ.

ಹಾಗಾದರೆ ತಪ್ಪು ಎಲ್ಲಿ ನುಸುಳುತ್ತದೆ? ರಂಧ್ರದಲ್ಲಿ. ಮೇಲೆ ಹೇಳಿದಂಥ ಪಾತ್ರೆ ೨೪ ನಿಮಿಷದಲ್ಲಿ ಮುಳುಗಬೇಕಾದರೆ ರಂಧ್ರದ ವ್ಯಾಸ ೨ ಮಿಲಿಮೀಟರಿಗೂ ಕಡಿಮೆಯಿರಬೇಕು. ಒಳಬರುವ ನೀರು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವ್ಯಾಸ ಹತ್ತರಲ್ಲಿ ಒಂದು ಪಾಲು, ಎಂದರೆ ಎರಡು ಮೂರು ಕೂದಲೆಳೆಯಷ್ಟು ಹಿಗ್ಗಿದರೆ ಸಾಕು, ನೀರು ನೂರಕ್ಕೆ ಇಪ್ಪತ್ತೊಂದರಷ್ಟು ಹೆಚ್ಚಾಗಿ ೨೪ ನಿಮಿಷದ ಗಳಿಗೆ ೨೦ ನಿಮಿಷಕ್ಕಿಂತ ಕಡಿಮೆಯಾಗುತ್ತದೆ. ಮೂರು ತಲೆಮಾರಿನ ಹುಣಸೆಹಣ್ಣೂ ದಬ್ಬಣವೂ ಸೇರಿ ಮಾಡಿದ ಕೆಲಸ ಇಷ್ಟೆ.

ಇದಕ್ಕೆ ವಿರುದ್ಧವಾದ ತೊಂದರೆಯನ್ನು ಹೇಳುವ ಕಥೆಯೊಂದನ್ನು ಅಲ್ಲಿದ್ದವರೊಬ್ಬರು ನೆನಪಿಸಿದರು. ಭಾಸ್ಕರಾಚಾರ್ಯನ ಮಗಳು ಲೀಲಾವತಿ ಮದುವೆಯ ದಿನ ಗಳಿಗೆ ಬಟ್ಟಲಿಗೆ ಬಗ್ಗಿ ನೋಡಿದಳಂತೆ. ಅವಳ ಉಡುಪಿನ ಮುತ್ತೊಂದು ಉದುರಿ ರಂಧ್ರವನ್ನು ಮುಚ್ಚಿತಂತೆ. ಬಟ್ಟಲು ಮುಳುಗದೆ ಮುಹೂರ್ತ ಮೀರಿಹೋಯಿತಂತೆ. ಈ ಕಥೆ ಭಾಸ್ಕರನ ಸಂಸ್ಕೃತ ಗ್ರಂಥದಲ್ಲಿಲ್ಲ. ಅಕ್ಬರನ ಆಸ್ಥಾನಕವಿ ಫೈಜಿ ೧೫೮೭ರಲ್ಲಿ ಲೀಲಾವತಿಯನ್ನು ಪಾರಸಿಗೆ ಪರಿವರ್ತಿಸಿದಾಗ ಅದರಲ್ಲಿ ಬರೆದ ಕಥೆಯಿದು. ನಮ್ಮ ಬಟ್ಟಲಿನ ಕಥೆ ನಮಗೆ ಪಾರಸಿಯ ಮೂಲಕ ಬಂದಿರುವುದು ವಿನೋದವಲ್ಲವೆ? ಬಟ್ಟಲಾದರೋ ಕಥೆಗಿಂತ ಬಹಳ ಮೊದಲೇ ಪಶ್ಚಿಮಕ್ಕೆ ಪ್ರಯಾಣ ಮಾಡಿತ್ತು.

ಮಕ್ಕಳ ಕಾವಲು

ಆ ಸಂಜೆ ನಾವೊಂದು ಪರೀಕ್ಷೆ ಹೂಡಿದೆವು. ಆರು ಗಂಟೆಗೆ ಸರಿಯಾಗಿ ಬಟ್ಟಲನ್ನು ತೇಲಿಬಿಡುವುದು; ಮುಳುಗಿದೊಡನೆ ಎತ್ತಿ ನೀರು ಚೆಲ್ಲಿ ಮತ್ತೆ ತೇಲಿಬಿಡುವುದು; ಮುಳುಗಿದ ಲೆಕ್ಕಕ್ಕೆ ಒಂದೊಂದು ಹುಣಸೆಬೀಜ ಇಡುವುದು. ಮದುವೆಗೆ ಬಂದಿದ್ದ ಮಕ್ಕಳು ಸರದಿಯ ಮೇಲೆ ಕಾವಲಿಗೆ ಕುಳಿತರು. ಯಾರೋ ದೇವರ ಮನೆಯಿಂದ ಜಾಗಟೆ ತಂದರು. ಪ್ರತಿ ಮುಳುಗಿಗೆ ಒಂದು ಪೆಟ್ಟು. ಮೊದಲ ಐದಾರು ಸಲ ಚಪ್ಪರವೆಲ್ಲ ಗದ್ದಲ. ಒಂಬತ್ತಾಗುವಷ್ಟರಲ್ಲಿ ಮಕ್ಕಳ ಉತ್ಸಾಹ ಇಳಿಯಿತು. ಹತ್ತಕ್ಕೆ ಇಬ್ಬರು ಉಳಿದರು. ಹನ್ನೊಂದಕ್ಕೆ ಯಜಮಾನರೂ ನಾವೂ ಮಾತ್ರ. ನಡುರಾತ್ರಿ ಹನ್ನೆರಡು ಹೊಡೆದಾಗ ಹದಿನೆಂಟು ಬೀಜ ಸೇರಿದ್ದವು; ಹತ್ತೊಂಬತ್ತನೆಯ ಸಲಕ್ಕೆ ಬಟ್ಟಲು ಆಗತಾನೆ ತೇಲಿತ್ತು.

ಗಳಿಗೆ ಬಟ್ಟಲಿನ ನಿಜವಾದ ಕಷ್ಟ ಆ ರಾತ್ರಿ ನಮಗೆ ತಿಳಿಯಿತು. ಬಟ್ಟಲು ತನ್ನಷ್ಟಕ್ಕೆ ತಾನು ಮುಳುಗುತ್ತದೆ; ಆದರೆ ತನ್ನಷ್ಟಕ್ಕೆ ತಾನು ಏಳಲಾರದು. ದಿನಕ್ಕೆ ಅರವತ್ತು ಬಾರಿ ಅದನ್ನೆತ್ತಲು ನಿದ್ದೆಗೆಟ್ಟ ಕೈಯೊಂದು ಬೇಕು. ಅರಮನೆಗಳಲ್ಲಿಯೂ ಊರುಗಳಲ್ಲಿಯೂ ಇದಕ್ಕೆಂದೇ ಜನರನ್ನು ನೇಮಿಸುತ್ತಿದ್ದರು. ದೆಹಲಿಯ ಸುಲ್ತಾನ ಫಿರೋಜ್ ಷಾ ತುಘಲಕ್ (೧೩೫೧–೧೩೮೮) ತನ್ನ ಫಿರೋಜಾಬಾದಿನಲ್ಲಿ ಬಟ್ಟಲನ್ನೂ ಜಾಗಟೆಯನ್ನೂ ನಿಲ್ಲಿಸಿದನು. ಬಾಬರನು ತನ್ನ ಆತ್ಮಕಥೆಯಲ್ಲಿ ಹಿಂದೂಸ್ತಾನದ ಈ ಪದ್ಧತಿಯನ್ನು ಬಿಡಿಸಿ ವರ್ಣಿಸುತ್ತಾನೆ. ರಾತ್ರಿ ಎಚ್ಚರವಾದವನಿಗೆ ಮೂರು ನಾಲ್ಕು ಪೆಟ್ಟು ಕೇಳಿದರೆ ಅದು ಯಾವ ಜಾವದ ಗಳಿಗೆಯೆಂದು ತಿಳಿಯುತ್ತಿರಲಿಲ್ಲವಂತೆ. ಗಳಿಗೆಯ ಪೆಟ್ಟುಗಳ ಹಿಂದೆಯೇ ಜಾವದ ಪೆಟ್ಟುಗಳನ್ನೂ ಹೊಡೆಯಬೇಕೆಂದು ಬಾಬರನು ಕಟ್ಟಳೆ ಮಾಡಿದನು. ಯುದ್ಧದ ನಡುವೆಯೂ ನಡುರಾತ್ರಿ ಎಚ್ಚರಗೊಂಡವನ ಕಷ್ಟವನ್ನು ಆತ ಯೋಚಿಸಿದ್ದು ಮೆಚ್ಚತಕ್ಕ ವಿಷಯ.

ಆದರೆ ಬಟ್ಟಲು ಎತ್ತುವವನ ಕಷ್ಟವನ್ನು ಯೋಚಿಸಿದ ಒಬ್ಬನು ಬಾಬರನಿಗಿಂತ ಮೂರು ಶತಮಾನ ಮೊದಲೇ ಬೇರೊಂದು ನಾಡಿನಲ್ಲಿ ಇದ್ದನು.

ಅಮೃತಾಪುರದ ಕಾಲದಲ್ಲಿ

ಮರುದಿನ ಬೆಳಿಗ್ಗೆ ನಾವು ತರೀಕೆರೆಗೆ ಸುಮಾರು ಹತ್ತು ಕಿಲೋಮೀಟರು ದೂರದ ಅಮೃತಾಪುರಕ್ಕೆ ಹೋದೆವು. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು ಇಲ್ಲಿಯ ದೇವಾಲಯವನ್ನು ಕಟ್ಟಿಸಿದ್ದು ೧೧೯೬ರಲ್ಲಿ. ಕಡೆದ ಕಂಬಗಳ ನುಣುಪು ಇಂದಿಗೂ ಕನ್ನಡಿಯಂತಿದೆ. ತೆರೆದ ಮಂಟಪದ ಕೈಪಿಡಿಗೋಡೆಯ ಸುತ್ತ ರಾಮಾಯಣ, ಭಾಗವತ, ಭಾರತಗಳ ೧೪೦ ಶಿಲ್ಪಫಲಕಗಳಿವೆ. ಇಲ್ಲಿಯ ದೊಡ್ಡ ಶಾಸನದ ಪದ್ಯಗಳನ್ನು ರಚಿಸಿದವನು ಕವಿ ಜನ್ನ. ಅಂದಿನ ಶಾಸನಗಳು ಶಕವರ್ಷ, ಸಂವತ್ಸರ, ತಿಥಿ, ವಾರಗಳನ್ನು ತಪ್ಪದೆ ಹೇಳುತ್ತವೆ. ಅಷ್ಟು ಎಚ್ಚರದಿಂದ ಕಾಲವನ್ನು ದಾಖಲಿಸಿದ ಆ ಜನಕ್ಕೆ ದಿನದೊಳಗಿನ ಕಾಲವನ್ನು ಹೇಳುತ್ತಿದ್ದುದು ಬಿಸಿಲಿನ ನೆರಳು, ನಕ್ಷತ್ರ ಮತ್ತು ಮುಳುಗುವ ಬಟ್ಟಲು.

ಮಂಟಪದ ತಂಪಿನಲ್ಲಿ ಕುಳಿತು ನಾವು ಆ ವರ್ಷಗಳಲ್ಲಿ ಜಗತ್ತಿನ ಇತರ ಕಡೆಗಳಲ್ಲಿ ಕಾಲವನ್ನು ಹೇಗೆ ಅಳೆಯುತ್ತಿದ್ದರೆಂದು ನೆನೆದೆವು. ಇಲ್ಲಿ ರೂವಾರಿಗಳ ಉಳಿ ನಡೆಯುತ್ತಿದ್ದ ಕಾಲಕ್ಕೆ, ಟೈಗ್ರಿಸ್ ನದಿಯ ಮೇಲ್ದಂಡೆಯ ದಿಯಾರ್‌ಬಕಿರ್ ಪಟ್ಟಣದಲ್ಲಿ (ಇದು ಇಂದಿನ ತುರ್ಕಿಯಲ್ಲಿದೆ) ಅಲ್-ಜಜರಿ ಎಂಬ ಯಂತ್ರಶಿಲ್ಪಿ ಅರ್ತುಖ್ ವಂಶದ ಅರಸರ ಸೇವೆಯಲ್ಲಿದ್ದನು. ಇಪ್ಪತ್ತೈದು ವರ್ಷಗಳ ಸೇವೆಯ ಬಳಿಕ, ದೊರೆ ನಾಸಿರುದ್ದೀನ್ ಮಹಮೂದನ ಅಪೇಕ್ಷೆಯಂತೆ, ೧೨೦೬ರಲ್ಲಿ ಆತ ತನ್ನ ಗ್ರಂಥವನ್ನು ಮುಗಿಸಿದನು. ಅದರಲ್ಲಿ ೫೦ ಯಂತ್ರಗಳ ವಿವರಣೆಯೂ ಚಿತ್ರಗಳೂ ಇವೆ: ಗಡಿಯಾರಗಳು, ನೀರೆತ್ತುವ ಯಂತ್ರಗಳು, ಕಾರಂಜಿಗಳು, ಕೈತೊಳೆಯಲು ನೀರೆರೆಯುವ ಗೊಂಬೆಗಳು. ಅಮೃತಾಪುರದ ದೇವಾಲಯಕ್ಕೂ ಈ ಗ್ರಂಥಕ್ಕೂ ಹತ್ತೇ ವರ್ಷ ಅಂತರ.

ಅವನ ಗಡಿಯಾರಗಳಲ್ಲಿ ಜಗತ್ಪ್ರಸಿದ್ಧವಾದದ್ದು ಆನೆಯ ಗಡಿಯಾರ. ಆನೆಯ ಬೆನ್ನಿನ ಮೇಲೆ ಅಂಬಾರಿ. ಕೊರಳ ಮೇಲೆ ಮಾವುತ. ಅಂಬಾರಿಯ ಮುಂದೆ ಲೇಖನಿ ಹಿಡಿದು ಕುಳಿತ ಲಿಪಿಕಾರ. ನೆತ್ತಿಯ ಮೇಲೊಂದು ಹಕ್ಕಿ. ಬಾಯ್ದೆರೆದ ಎರಡು ಸರ್ಪಗಳು. ಇಷ್ಟನ್ನೂ ನಡೆಸುವ ಯಂತ್ರ ಆನೆಯ ಹೊಟ್ಟೆಯಲ್ಲಿದೆ. ಅದೇನೆಂದು ವಾಚಕರು ಊಹಿಸಿರಬಹುದು. ಹೊಟ್ಟೆಯೊಳಗೆ ಒಂದು ನೀರಿನ ತೊಟ್ಟಿ. ಅದರ ಮೇಲೆ ತೇಲುವ, ತಳದಲ್ಲಿ ರಂಧ್ರವುಳ್ಳ ಒಂದು ಬಟ್ಟಲು! ತರೀಕೆರೆಯ ಮದುವೆಮನೆಯಲ್ಲಿ ಕಂಡ ಅದೇ ಬಟ್ಟಲು. ವಿದ್ವಾಂಸರು ಈ ಆನೆಯನ್ನೂ ಬಟ್ಟಲನ್ನೂ ಭಾರತದ ಗುರುತೆಂದೂ, ಸರ್ಪಗಳನ್ನು ಚೀನದ ಗುರುತೆಂದೂ, ಯಂತ್ರದ ನೀರಿನ ವಿದ್ಯೆಯನ್ನು ಗ್ರೀಕರ ಕಾಣಿಕೆಯೆಂದೂ ಹೇಳುತ್ತಾರೆ.

ಅಲ್-ಜಜರಿ ಬಟ್ಟಲನ್ನು ಅರ್ಧ ಗಂಟೆಗೊಮ್ಮೆ ಮುಳುಗುವಂತೆ ಅಳವಡಿಸಿದನು. ಅದು ನಿಧಾನವಾಗಿ ಇಳಿಯುತ್ತಿರುವಾಗ ಅದಕ್ಕೆ ಕಟ್ಟಿದ ದಾರವು ಲಿಪಿಕಾರನನ್ನು ಮೆಲ್ಲನೆ ತಿರುಗಿಸುತ್ತದೆ. ಅವನ ಲೇಖನಿಯ ತುದಿ ಗುರುತುಗಳ ಮೇಲೆ ಸರಿದು ಎಷ್ಟು ಹೊತ್ತು ಕಳೆಯಿತೆಂದು ತೋರಿಸುತ್ತದೆ. ಬಟ್ಟಲು ಪೂರ್ತಿ ಮುಳುಗುವ ಕ್ಷಣದಲ್ಲಿ ಅದರ ಹಠಾತ್ತಾದ ಸೆಳೆತಕ್ಕೆ ಮೇಲಿನ ಉಗ್ರಾಣದಿಂದ ಲೋಹದ ಗುಂಡೊಂದು ಉರುಳುತ್ತದೆ. ಹಕ್ಕಿ ತಿರುಗುತ್ತದೆ. ಗುಂಡು ಸರ್ಪದ ಬಾಯಿಗೆ ಬೀಳುತ್ತದೆ. ಗುಂಡಿನ ಭಾರಕ್ಕೆ ಸರ್ಪ ಮುಂದಕ್ಕೆ ಬಾಗುತ್ತದೆ. ಅದರ ಇನ್ನೊಂದು ತುದಿಗೆ ಕಟ್ಟಿದ ಸರಪಳಿ ಮುಳುಗಿದ ಬಟ್ಟಲನ್ನು ಎಳೆದೆತ್ತಿ ನೀರು ಚೆಲ್ಲಿಸುತ್ತದೆ. ಗುಂಡು ಕೆಳಗಿನ ಕಲಶಕ್ಕೆ ಜಾರಿ ಸದ್ದು ಮಾಡುತ್ತದೆ, ಮಾವುತ ಕೈಯೆತ್ತಿ ಹೊಡೆಯುತ್ತಾನೆ. ಹಗುರವಾದ ಸರ್ಪ ಮತ್ತೆ ತಲೆಯೆತ್ತುತ್ತದೆ. ಬಟ್ಟಲು ಮತ್ತೆ ತೇಲುತ್ತದೆ. ಉಗ್ರಾಣದಲ್ಲಿ ಗುಂಡುಗಳಿರುವವರೆಗೂ ಮನುಷ್ಯನ ಕೈ ಬೇಕಿಲ್ಲ!

ಹಿಂದಿನ ರಾತ್ರಿ ಮಕ್ಕಳು ತೂಕಡಿಸುತ್ತ ಮಾಡಿದ ಎರಡು ಕೆಲಸಗಳು ಯಾವುವು? ಮುಳುಗಿದ ಬಟ್ಟಲನ್ನು ಎತ್ತುವುದು, ಜಾಗಟೆ ಹೊಡೆಯುವುದು. ಮೊದಲನೆಯದನ್ನು ಸರ್ಪವೂ ಎರಡನೆಯದನ್ನು ಮಾವುತನೂ ವಹಿಸಿಕೊಂಡರು. ಯಂತ್ರವು ತನ್ನ ಕೆಲಸ ಮುಗಿದುದನ್ನು ತಾನೇ ಅರಿತು ತಾನೇ ಮತ್ತೆ ಆರಂಭಿಸುವಂತೆ ಮಾಡುವುದು ಇಂದಿನ ಕಾರ್ಖಾನೆಗಳ ಮುಖ್ಯ ಸೂತ್ರ. ಅದು ಇಲ್ಲಿ ಆಟಿಕೆಯ ವೇಷದಲ್ಲಿ ಕಾಣಿಸಿಕೊಂಡಿದೆ. ಇದರ ಪೂರ್ಣಪ್ರಮಾಣದ ಪ್ರತಿರೂಪವೊಂದನ್ನು ದುಬೈಯಲ್ಲಿ ಇಬ್ನ್ ಬತೂತಾ ಹೆಸರಿನ ಮಾಲ್‌ನಲ್ಲಿ ನಿಲ್ಲಿಸಿದ್ದಾರೆ. ಅಲ್ಲಿ ನೆಲಸಿರುವ ಕನ್ನಡಿಗರು ಅದರ ಮುಂದೆ ನಿಂತಾಗ ಹೊಟ್ಟೆಯೊಳಗಿನ ಬಟ್ಟಲನ್ನೂ ನೆನೆಯಬಹುದು.

ಒತ್ತಡವನ್ನು ಆಳುವ ವಿದ್ಯೆ

ಗ್ರೀಕರಿಂದ ಬಂದ ಜಲಗಡಿಯಾರಗಳ ದಾರಿ ಬೇರೆ. ಅವುಗಳಲ್ಲಿ ಪಾತ್ರೆ ಮುಳುಗುವುದಿಲ್ಲ. ತೊಟ್ಟಿಯಿಂದ ನೀರು ಹೊರಗೆ ಹರಿಯುತ್ತದೆ. ಇಲ್ಲಿಯ ತೊಡಕೆಂದರೆ ತೊಟ್ಟಿ ಬರಿದಾದಂತೆ ಒತ್ತಡ ಇಳಿದು ಹರಿವು ಕುಂದುವುದು. ನೀರಿನ ಮಟ್ಟ ಕಾಲುಭಾಗಕ್ಕೆ ಇಳಿದಾಗ ವೇಗ ಅರ್ಧವಾಗುತ್ತದೆಂಬ ನಿಯಮವನ್ನು ಇಟಲಿಯ ಟಾರಿಚೆಲ್ಲಿ ಹದಿನೇಳನೆಯ ಶತಮಾನದಲ್ಲಿ ಹೇಳಿದನು. ನಿಯಮ ತಿಳಿಯದಿದ್ದರೂ ತೊಂದರೆ ಎಲ್ಲರಿಗೂ ತಿಳಿದಿತ್ತು.

ಅಲ್-ಜಜರಿ ತನ್ನ ಕೋಟೆಯ ಗಡಿಯಾರದಲ್ಲಿ ಇದಕ್ಕೆ ಪರಿಹಾರ ತೋರಿಸಿದ್ದಾನೆ. ಅದರ ಮೂಲಕಲ್ಪನೆ ಆರ್ಕಿಮಿಡೀಸನದೆಂದು ಅವನೇ ಒಪ್ಪಿಕೊಳ್ಳುತ್ತಾನೆ. ದೊಡ್ಡ ತೊಟ್ಟಿಯ ನೀರು ನೇರವಾಗಿ ಹೊರಹೋಗದೆ ನಡುವೆ ಒಂದು ಚಿಕ್ಕ ಕೋಣೆಗೆ ಬೀಳುತ್ತದೆ. ಕೋಣೆಯಲ್ಲಿ ತೇಲುವ ಬುರುಡೆಯೊಂದಿದೆ. ಅದರ ನೆತ್ತಿಯಲ್ಲಿ ಶಂಕುವಿನಾಕಾರದ ಬಿರಡೆ. ನೀರು ತುಸು ಏರಿದರೆ ಬುರುಡೆ ಎದ್ದು ಬಿರಡೆಯಿಂದ ನಲ್ಲಿಯ ಬಾಯನ್ನು ಮುಚ್ಚುತ್ತದೆ. ತುಸು ಇಳಿದರೆ ತೆರೆಯುತ್ತದೆ. ಹೀಗೆ ಕೋಣೆಯ ಮಟ್ಟ ಬದಲಾಗದೆ ಹರಿವು ಸಮವಾಗಿರುತ್ತದೆ. ನಮ್ಮ ಮನೆಗಳ ಮೇಲಿನ ನೀರಿನ ತೊಟ್ಟಿ ತುಂಬಿದೊಡನೆ ನಲ್ಲಿಯನ್ನು ತಾನೇ ಮುಚ್ಚುವ ತೇಲುಗುಂಡು ಇದೇ ತತ್ತ್ವದ್ದು. ಗಳಿಗೆ ಬಟ್ಟಲು ಬರಿಯ ತನ್ನ ತೂಕದಿಂದ ಸಾಧಿಸಿದ ಸಮತೆಯನ್ನು ಇಲ್ಲಿ ಕವಾಟದಿಂದ ಸಾಧಿಸಬೇಕಾಯಿತು.

ಅವನಿಗೆ ಮತ್ತೊಂದು ತೊಡಕೂ ಇತ್ತು. ಅಲ್ಲಿಯ ರೂಢಿಯಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ, ಹಗಲು ಉದ್ದವಿರಲಿ ಗಿಡ್ಡವಿರಲಿ, ಹನ್ನೆರಡೇ ತಾಸು. ತರೀಕೆರೆಯಲ್ಲಿ ಅತಿ ದೀರ್ಘವಾದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ದಿಯಾರ್‌ಬಕಿರ್‌ನಲ್ಲಾದರೆ ಬೇಸಗೆಯ ಹಗಲು ಹದಿನಾಲ್ಕೂಮುಕ್ಕಾಲು ಗಂಟೆ, ಚಳಿಗಾಲದ್ದು ಒಂಬತ್ತೂವರೆ. ಬೇಸಗೆಯ ತಾಸಿಗೆ ಸುಮಾರು ೭೪ ನಿಮಿಷವಾದರೆ ಚಳಿಗಾಲದ ತಾಸಿಗೆ ೪೮ ನಿಮಿಷಕ್ಕೂ ಕಡಿಮೆ. ಆದ್ದರಿಂದ ನೀರಿನ ಹೊರರಂಧ್ರವನ್ನು ರಾಶಿಗಳ ಗುರುತುಳ್ಳ ಅರ್ಧಚಕ್ರದ ಮೇಲೆ ದಿನದಿನಕ್ಕೆ ಮೇಲೆ ಕೆಳಗೆ ಸರಿಸಿ ಒತ್ತಡವನ್ನು ಬದಲಿಸುವ ಉಪಾಯ ಮಾಡಿದನು. ಹಿಂದಿನವರು ಹಾಕಿದ್ದ ಗುರುತುಗಳನ್ನು ಪರೀಕ್ಷಿಸಿ, ಅವು ತಪ್ಪೆಂದು ಕಂಡು, ತಾನೇ ಪ್ರಯೋಗ ಮಾಡಿ ಹೊಸ ಗುರುತು ಹಾಕಿದನು. ಪುಸ್ತಕದಲ್ಲಿದೆಯೆಂದು ನಂಬದೆ ನೀರನ್ನೇ ಕೇಳಿದ್ದು ಅವನ ದೊಡ್ಡತನ.

ನೀರಿನ ಒತ್ತಡವನ್ನು ಆಳುವ ಈ ವಿದ್ಯೆಯ ಗುರುತನ್ನು ನೋಡಲು ನಾವು ಕಡಲಾಚೆಗೆ ಹೋಗಬೇಕಾಗಿಲ್ಲ. ವಿಜಯಪುರದಲ್ಲಿ ಆದಿಲ್‌ಶಾಹಿ ಅರಸರು ತೊರವಿಯಿಂದಲೂ, ೧೬೫೧ರಲ್ಲಿ ಕಟ್ಟಿದ ಬೇಗಂ ತಾಲಾಬಿನಿಂದಲೂ ನೆಲದೊಳಗಿನ ಕೊಳವೆಗಳಲ್ಲಿ ನಗರಕ್ಕೆ ನೀರು ತಂದರು. ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಕಲ್ಲಿನ ಗೋಪುರಗಳಿವೆ. ಕೊಳವೆಯ ನೀರು ಗೋಪುರದ ತಲೆಯ ತೆರೆದ ತೊಟ್ಟಿಗೆ ಏರಿ, ಅಲ್ಲಿ ತನ್ನ ಒತ್ತಡವನ್ನು ಕಳೆದುಕೊಂಡು, ಹೂಳನ್ನು ತಳಕ್ಕೆ ಬಿಟ್ಟು ಮುಂದೆ ಹೋಗುತ್ತಿತ್ತು. ಹಾಗಿಲ್ಲದಿದ್ದರೆ ಕೊಳವೆಗಳು ಒಡೆಯುತ್ತಿದ್ದವು. ಗಡಿಯಾರದೊಳಗಿನ ಚಿಕ್ಕ ಕೋಣೆಗೂ ವಿಜಯಪುರದ ಗೋಪುರಕ್ಕೂ ಗಾತ್ರದಲ್ಲಿ ಹೋಲಿಕೆಯಿಲ್ಲ. ತೆರೆದ ನೀರಿನ ಮಟ್ಟದಿಂದ ಒತ್ತಡವನ್ನು ಅಂಕೆಯಲ್ಲಿಡುವ ವಿವೇಕ ಮಾತ್ರ ಎರಡರಲ್ಲಿಯೂ ಒಂದೇ.

ಯಂತ್ರ ಕೆಟ್ಟಾಗ

ಇಷ್ಟು ಜಾಣತನದ ಗಡಿಯಾರಗಳು ಕೊನೆಗೆ ಏನಾದವು? ದಮಾಸ್ಕಸ್ಸಿನ ದೊಡ್ಡ ಮಸೀದಿಯ ಜೈರೂನ್ ಬಾಗಿಲಿನ ಬಳಿ ಹನ್ನೆರಡನೆಯ ಶತಮಾನದಲ್ಲಿ ಮುಹಮ್ಮದ್ ಅಲ್-ಸಾಆತಿ ಎಂಬವನು ಭವ್ಯವಾದ ಜಲಗಡಿಯಾರವೊಂದನ್ನು ಕಟ್ಟಿದನು. ೧೧೮೪ರಲ್ಲಿ ಅದನ್ನು ಕಂಡ ಯಾತ್ರಿಕ ಇಬ್ನ್ ಜುಬೈರ್, ಹಿತ್ತಾಳೆಯ ಗಿಡುಗಗಳು ಬಾಗಿ ಬಟ್ಟಲುಗಳಿಗೆ ಗುಂಡುಗಳನ್ನು ಬೀಳಿಸುವುದನ್ನೂ, ರಾತ್ರಿಯಲ್ಲಿ ಗಾಜಿನ ವೃತ್ತಗಳು ಒಂದೊಂದಾಗಿ ಬೆಳಗುವುದನ್ನೂ ವರ್ಣಿಸಿದ್ದಾನೆ. ಕಟ್ಟಿದವನು ತೀರಿಕೊಂಡ ಮೇಲೆ ಗಡಿಯಾರ ಕೆಟ್ಟಿತು. ಬೇರೆಯವರ ಕೈಯಲ್ಲಿ ಸರಿಹೋಗಲಿಲ್ಲ. ಕೊನೆಗೆ ಅವನ ಮಗ ರಿದ್ವಾನ್ ಅದನ್ನು ದುರಸ್ತಿ ಮಾಡಿ, ೧೨೦೩ರಲ್ಲಿ ಅದರ ರಚನೆಯನ್ನು ಕುರಿತು ಒಂದು ಪುಸ್ತಕವನ್ನೇ ಬರೆದನು.

ಮುಂದೆ ನಮ್ಮ ಹೊನ್ನಾವರಕ್ಕೂ ಬಂದ ಪ್ರವಾಸಿ ಇಬ್ನ್ ಬತೂತಾ ೧೩೨೬ರಲ್ಲಿ ಅದೇ ಬಾಗಿಲಿನ ಮುಂದೆ ನಿಂತನು. ತಾಸು ಕಳೆದಂತೆ ಪುಟ್ಟ ಬಾಗಿಲುಗಳ ಬಣ್ಣ ಹಳದಿಯಿಂದ ಹಸುರಿಗೆ ತಿರುಗುವುದನ್ನು ಕಂಡನು. ಆದರೆ ಒಳಗೆ ಒಬ್ಬ ಮನುಷ್ಯ ಕುಳಿತು ಅವನ್ನು ಕೈಯಿಂದ ತಿರುಗಿಸುತ್ತಾನೆಂದು ಅಲ್ಲಿಯವರು ಅವನಿಗೆ ಹೇಳಿದರು! ಮನುಷ್ಯನ ಕೈಯನ್ನು ಬಿಡಿಸಲು ಹುಟ್ಟಿದ ಯಂತ್ರ ಮತ್ತೆ ಮನುಷ್ಯನ ಕೈಗೇ ಬಂದು ನಿಂತಿತ್ತು. ಮೊರಾಕ್ಕೋದ ಫೆಜ್ ನಗರದಲ್ಲಿ ೧೩೫೭ರ ಒಂದು ಜಲಗಡಿಯಾರದ ಮುಂಗೋಡೆಯೂ ಅದರ ಕಿಟಕಿಗಳೂ ಇಂದಿಗೂ ಇವೆ. ಒಳಗಿನ ಯಂತ್ರ ಮಾತ್ರ ಕಾಣೆಯಾಗಿದೆ. ಅದನ್ನು ಬಲ್ಲವರು ಬರೆದಿಡಲಿಲ್ಲ. ಅಲ್-ಜಜರಿಯ ಯಂತ್ರಗಳೂ ಅಳಿದವು. ಆದರೆ ಒಂದೊಂದು ತುಣುಕಿನ ಅಳತೆಯನ್ನೂ ಆತ ಬರೆದಿಟ್ಟಿದ್ದರಿಂದ ಎಂಟು ಶತಮಾನಗಳ ಅನಂತರ ಅವನ್ನು ಮತ್ತೆ ಕಟ್ಟುವುದು ಸಾಧ್ಯವಾಗಿದೆ.

ಮತ್ತೆ ತರೀಕೆರೆಯಲ್ಲಿ

ಮಧ್ಯಾಹ್ನ ಮದುವೆಮನೆಗೆ ಹಿಂದಿರುಗಿದಾಗ ಯಜಮಾನರು ಬಟ್ಟಲನ್ನು ಮುಂದಿಟ್ಟುಕೊಂಡು ಕುಳಿತಿದ್ದರು. ತೂತಿಗೆ ತವರದ ಬೆಸುಗೆ ಹಾಕಿಸಿ ಹೊಸದಾಗಿ ಕೊರೆಸೋಣವೇ ಎಂದು ಅವರ ಮಗ ಕೇಳುತ್ತಿದ್ದನು. ಆಗ ನಮಗೆ ಭಾಸ್ಕರಾಚಾರ್ಯನ ಮಾತು ಜ್ಞಾಪಕಕ್ಕೆ ಬಂದಿತು. ಬಟ್ಟಲು ಇಷ್ಟು ಪಲ ತೂಗಬೇಕು, ಇಷ್ಟು ಅಂಗುಲ ಎತ್ತರವಿರಬೇಕು, ಇಂಥ ಚಿನ್ನದ ಸೂಜಿಯಿಂದಲೇ ರಂಧ್ರ ಕೊರೆಯಬೇಕು ಎಂದು ಹಿಂದಿನ ಜ್ಯೋತಿಷಿಗಳು ವಿಧಿಸಿದ್ದರು. ಅಂಥ ವಿಧಿಗಳಲ್ಲಿ ಯುಕ್ತಿಯಿಲ್ಲವೆಂದು ೧೧೫೦ರ ಸಿದ್ಧಾಂತಶಿರೋಮಣಿಯಲ್ಲಿ ಭಾಸ್ಕರನು ತಳ್ಳಿಹಾಕುತ್ತಾನೆ. ಬಟ್ಟಲು ಹೇಗೇ ಇರಲಿ, ಒಂದು ಅಹೋರಾತ್ರಿಯಲ್ಲಿ ಅದು ಎಷ್ಟು ಬಾರಿ ಮುಳುಗುತ್ತದೆಂದು ಎಣಿಸಿ ಅಷ್ಟರಿಂದ ದಿನವನ್ನು ಭಾಗಿಸಿದರೆ ಅದರ ಅಳತೆ ಸಿಕ್ಕಿತು ಎನ್ನುತ್ತಾನೆ. ದಿಯಾರ್‌ಬಕಿರ್‌ನ ಯಂತ್ರಶಿಲ್ಪಿ ಗುರುತುಗಳನ್ನು ಪ್ರಯೋಗದಿಂದ ಹಾಕಿದ್ದೂ ಇದೇ ಬುದ್ಧಿಯಿಂದ.

“ಯಜಮಾನರೇ, ರಾತ್ರಿ ಆರು ಗಂಟೆಯ ಕಾಲದಲ್ಲಿ ನಿಮ್ಮ ಬಟ್ಟಲು ಹದಿನೆಂಟು ಸಲ ಮುಳುಗಿ ಹತ್ತೊಂಬತ್ತಕ್ಕೆ ತೊಡಗಿತ್ತಲ್ಲ, ಇಪ್ಪತ್ತನಾಲ್ಕು ಗಂಟೆಗೆ ಸುಮಾರು ಎಪ್ಪತ್ತಮೂರು ಆಗುತ್ತದೆ. ದಿನಕ್ಕೆ ಎಪ್ಪತ್ತಮೂರು ಎಂದು ತಿಳಿದಿದ್ದರೆ ಇದೂ ಸರಿಯಾದ ಗಡಿಯಾರವೇ” ಎಂದೆವು.

ಅವರು ಸ್ವಲ್ಪ ಹೊತ್ತು ಯೋಚಿಸಿದರು. “ಅಂದರೆ ಬಟ್ಟಲು ಕೆಟ್ಟಿಲ್ಲ ಅನ್ನಿ. ನಾವು ಲೆಕ್ಕ ನೋಡುವುದನ್ನು ಬಿಟ್ಟಿದ್ದೆವು, ಅಷ್ಟೆ” ಎಂದರು. ಬಳಿಕ ಮೊಮ್ಮಗಳನ್ನು ಕರೆದು ಕಾಗದವೊಂದನ್ನು ತರಿಸಿ, ತಿಥಿ ವಾರಗಳನ್ನು ಮೊದಲು ಬರೆಸಿ, ಅದರ ಕೆಳಗೆ, ಈ ಬಟ್ಟಲು ದಿನಕ್ಕೆ ೭೩ ಬಾರಿ ಮುಳುಗುತ್ತದೆ, ಹತ್ತು ವರ್ಷಕ್ಕೊಮ್ಮೆ ಎಣಿಸಿ ನೋಡತಕ್ಕದ್ದು, ದಬ್ಬಣ ಹಾಕಕೂಡದು ಎಂದು ಬರೆಸಿದರು. ಕಾಗದವನ್ನು ಮಡಿಸಿ ಬಟ್ಟಲಿನೊಳಗಿಟ್ಟು, ಎರಡನ್ನೂ ಹಳೆಯ ರೇಷ್ಮೆಯ ಚೌಕದಲ್ಲಿ ಸುತ್ತಿ ಮೊಮ್ಮಗಳ ಕೈಗೆ ಕೊಟ್ಟರು.